ಎಕ್ಸಿಟ್ ಗಾಡಿಯ ಬೆಲೆ

ಬಿಳಿ ಬಣ್ಣ, ಆಟೋಮ್ಯಾಟಿಕ್ ಗೇರು, ಗಲ್ಫಿನ ಸೆಕೆಗೆಂದೇ ಮಾಡಿದ ದೊಡ್ಡ ರೇಡಿಯೇಟರು, ಮೊದಲಿನಿಂದ ಒಬ್ಬನೇ ಮಾಲೀಕ. ದೋಹಾದಲ್ಲಿ ಹಳೆ ಕಾರಿಗೆ ಇಷ್ಟಿದ್ದರೆ ಅದು ಹೆಚ್ಚು ದಿನ ಯಾರ್ಡಿನಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಊರ ಕಡೆಯ ಹೆಡ್ ಕ್ಲರ್ಕರೊಬ್ಬರ ಕಾರಿಗೆ ಇದೆಲ್ಲವೂ ಇತ್ತು. ಆದರೂ ಅದು ಅರ್ಧ ಬೆಲೆಗೆ ಹೋಯಿತು. ಹೇಗೆ ಹೋಯಿತು ಎಂದು ಇಲ್ಲಿ ಹೇಳುತ್ತೇನೆ. ಇಷ್ಟು ವರ್ಷವಾದರೂ ಆ ಸಿಟ್ಟು ನನ್ನಿಂದ ಪೂರ್ತಿ ಇಳಿದಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗ, ತೈಲದ ಬೆಲೆ ನೆಲಕಚ್ಚಿದ್ದ ಸಮಯ. ಸಲ್ವಾ ರಸ್ತೆಯಿಂದ ಅಲ್ ಅಜೀಜಿಯಾ ಕಡೆಗೆ ತಿರುಗುವಲ್ಲಿ ಒಂದು ಹಳೆ ಕಾರುಗಳ ಯಾರ್ಡಿತ್ತು. ನಾನು ಅಲ್ಲಿ ಬೆಲೆ ಕಟ್ಟುವವನಾಗಿದ್ದೆ. ಬಂದ ಗಾಡಿಯನ್ನು ಪರೀಕ್ಷಿಸಬೇಕು, ಅದರ ಹುಳುಕು ಹುಡುಕಬೇಕು, ಇಷ್ಟಕ್ಕೆ ಕೊಂಡರೆ ನಷ್ಟವಿಲ್ಲ ಎಂದು ನಮ್ಮ ಕತಾರಿ ಧಣಿಗೆ ಹೇಳಬೇಕು. ಧಣಿಯನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಅವನು ನೆರಳಿನಲ್ಲಿ ಕುರ್ಚಿ ಹಾಕಿ ಕೂತು, ನಾನು ಬಿಸಿಲಿನಲ್ಲಿ ಬಾನೆಟ್ಟಿನೊಳಗೆ ತಲೆ ಹಾಕುವುದನ್ನು ನೋಡುತ್ತಿದ್ದ.

ಕಾರಿನ ಬೆಲೆ ಇಳಿಯಲು ಕಾರಣಗಳು ಬೇಕಾದಷ್ಟಿರುತ್ತವೆ. ಕಡು ಬಣ್ಣವಾದರೆ ಒಳಗೆ ಕುಲುಮೆಯಾಗುತ್ತದೆ, ಹಾಗಾಗಿ ಯಾರಿಗೂ ಬೇಡ. ಅಮೆರಿಕದಿಂದ ನೇರ ತರಿಸಿದ ಗಾಡಿಯಾದರೆ ಬೇಸಗೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಎ.ಸಿ. ಸುಸ್ತಾಗುತ್ತದೆ. ಸಮುದ್ರದ ಬದಿಯ ಮನೆಯವರದ್ದಾದರೆ ಕಾರ್ಪೆಟ್ಟಿನಡಿ ತುಕ್ಕು. ದಿನಾ ಮರುಭೂಮಿಯ ರಸ್ತೆಯಲ್ಲಿ ಓಡಿದ್ದಾದರೆ ಮರಳು ಬಡಿದು ಹೆಡ್‌ಲೈಟಿನ ಗಾಜು ಮಂಜಾಗಿರುತ್ತದೆ. ಒಂಟೆಗೆ ಗುದ್ದಿದ ಗಾಡಿಯ ಮೇಲ್ಛಾವಣಿಯನ್ನು ಎಷ್ಟೇ ಚಂದ ಎತ್ತಿ ಬಣ್ಣ ಬಳಿದಿರಲಿ, ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟರೆ ಪುಟ್ಟಿ ತುಂಬಿದ ಕಡೆ ಅದು ಹಿಡಿಯದೆ ಜಾರುತ್ತದೆ. ಇವೆಲ್ಲ ಗಾಡಿಯ ರೋಗಗಳು. ನನಗೆ ಸಂಬಳ ಬರುತ್ತಿದ್ದದ್ದು ಇವನ್ನು ಹುಡುಕುವುದಕ್ಕೆ.

ಹೆಡ್ ಕ್ಲರ್ಕರು ಒಂದು ಬೆಳಿಗ್ಗೆ ಕಾರು ತಂದು ನಿಲ್ಲಿಸಿದಾಗ ಅವರ ಮುಖ ನೋಡಿಯೇ ಏನೋ ಆಗಿದೆ ಎಂದು ಗೊತ್ತಾಯಿತು. ಮುಶೈರಿಬಿನ ಒಂದು ಕಾಂಟ್ರ್ಯಾಕ್ಟ್ ಕಂಪನಿಯ ಆಫೀಸಿನಲ್ಲಿ ಅವರ ಕೆಲಸ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಾನು ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನ. ಊರಿನ ರೂಢಿಯಂತೆ ನಾನು ಅವರಿಗೆ ಪೊರ್ಬುಗಳೇ ಎನ್ನುತ್ತಿದ್ದೆ, ಅವರು ನನಗೆ ಬ್ಯಾರಿಗಳೇ ಎನ್ನುತ್ತಿದ್ದರು. ಇಬ್ಬರಿಗೂ ತುಳು ಬರುತ್ತಿತ್ತಾದರೂ ಅವರಿಗೆ ಕನ್ನಡದ ಹುಚ್ಚು, ಹಾಗಾಗಿ ನಮ್ಮ ಮಾತು ಕನ್ನಡದಲ್ಲೇ ನಡೆಯುತ್ತಿತ್ತು.

"ಖಲಾಸ್ ಬ್ಯಾರಿಗಳೇ," ಎಂದರು. "ಕಂಪನಿಯಿಂದ ತೆಗೆದ್ರು. ಪ್ರಾಜೆಕ್ಟ್ ಇಲ್ಲ ಅಂತೆ. ಗಾಡಿ ಒಂದು ಮಾರಿ ಕೊಡಬೇಕು ನೀವು."

"ಊರಿಗೆ ಹೋಗಿ ಎಂತ ಮಾಡ್ತೀರಿ?"

"ಒಂದು ಜೆರಾಕ್ಸ್ ಅಂಗಡಿ ಹಾಕುವಾ ಅಂತ. ತಾಲೂಕು ಆಫೀಸಿನ ಎದುರು ಒಂದು ಕೋಣೆ ನೋಡಿದ್ದೇನೆ. ಕಂಪನಿ ಕೊಟ್ಟ ದುಡ್ಡೆಲ್ಲ ಮಗಳ ನರ್ಸಿಂಗಿಗೆ, ಮನೆಯ ಸಾಲಕ್ಕೆ ಹೋಯ್ತು. ಮಷೀನ್ ಬರಬೇಕಾದ್ದು ಈ ಗಾಡಿಯಿಂದಲೇ."

ಅದಿಷ್ಟೇ ಅವರ ಲೆಕ್ಕ. ಕಾರು ಹೋಗಬೇಕು, ಜೆರಾಕ್ಸ್ ಮಷೀನ್ ಬರಬೇಕು. ಐವತ್ತು ದಾಟಿದ ಮೇಲೆ ಊರಿನಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯಬಾರದು ಎನ್ನುವುದೊಂದೇ ಅವರ ಆಸೆಯಾಗಿತ್ತು.

ಸ್ನೇಹಿತರ ಗಾಡಿ ಎಂದು ನಾನು ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲಿಲ್ಲ. ಬಾಗಿಲಿನ ರಬ್ಬರು ಎಳೆದು ಬಣ್ಣ ಹಾರಿದೆಯೇ ನೋಡಿದೆ. ಮಡ್‌ಗಾರ್ಡಿನ ಬೋಲ್ಟುಗಳ ತಲೆಯಲ್ಲಿ ಪಾನಾ ಹಾಕಿದ ಗುರುತಿಲ್ಲ. ಅಯಸ್ಕಾಂತ ಎಲ್ಲ ಕಡೆ ಗಟ್ಟಿಯಾಗಿ ಕಚ್ಚಿತು. ಎಂಜಿನ್ ಓಡುವಾಗಲೇ ಆಯಿಲ್ ಮುಚ್ಚಳ ತೆಗೆದೆ, ಹೊಗೆ ಇಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಎ.ಸಿ. ಹಾಕಿ ನಿಲ್ಲಿಸಿ ಸಿಗರೇಟು ಸೇದಿ ಮುಗಿಸಿದೆ, ಟೆಂಪರೇಚರ್ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ಡ್ಯಾಶ್‌ಬೋರ್ಡು ಒಡೆದಿರಲಿಲ್ಲ, ಏಕೆಂದರೆ ಪ್ರತಿ ಸಲ ನಿಲ್ಲಿಸುವಾಗಲೂ ಅದರ ಮೇಲೆ ಟವೆಲ್ ಹಾಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಏನೂ ತಿನ್ನಬಾರದೆಂದು ಸ್ವಂತ ಮಗಳನ್ನೇ ಗದರಿಸಿದವರು ಅವರು.

"ಗಾಡಿಗೆ ಎಂತ ಇಲ್ಲ ಪೊರ್ಬುಗಳೇ," ಎಂದೆ. "ರೋಗ ಇರುವುದು ನಿಮಗೆ. ನೀವು ಊರಿಗೆ ಹೋಗುವವರು ಅಂತ ಒಂದು ಜನಕ್ಕೆ ಗೊತ್ತಾಗಬಾರದು."

ಅವರಿಗೆ ಅರ್ಥವಾಗದೆ ಇರಲಿಲ್ಲ. ಕೆಲಸ ಮುಗಿದವನು ದೇಶ ಬಿಡಬೇಕಾದರೆ ಕಂಪನಿ ಎಕ್ಸಿಟ್ ಕಾಗದ ಕೊಡಬೇಕು. ಅದಕ್ಕೆ ಮೊದಲು ಅವನ ಹೆಸರಿನಲ್ಲಿ ಕರೆಂಟು, ಟೆಲಿಫೋನು, ಗಾಡಿ ಯಾವುದೂ ಉಳಿದಿರಬಾರದು. ಅಂಥವನ ಕಾರಿಗೆ ಬಜಾರಿನಲ್ಲಿ ಎಕ್ಸಿಟ್ ಗಾಡಿ ಎಂದು ಹೆಸರು. ವಿಮಾನದ ದಿನ ಗೊತ್ತಾದರೆ ಕೊಳ್ಳುವವನಿಗೆ ಅವಸರವೇ ಇರುವುದಿಲ್ಲ. ಚಹಾ ಕುಡಿಯುತ್ತಾ ಕಾಯುತ್ತಾನೆ. ದಿನ ಹತ್ತಿರವಾದಂತೆ ಮಾರುವವನೇ ಇಳಿದು ಬರುತ್ತಾನೆ. ಒಂಟೆಗೆ ಗುದ್ದಿದ ಗಾಡಿಯ ಬೆಲೆಯೂ ಅಷ್ಟು ಇಳಿಯುವುದನ್ನು ನಾನು ಕಂಡಿಲ್ಲ.

ಅರ್ಬಾಬನ ಕೈಕಾಲು ಹಿಡಿದು ಕಾರನ್ನು ಯಾರ್ಡಿನ ಮುಂದಿನ ಸಾಲಿನಲ್ಲಿ, ನಮ್ಮದೇ ಗಾಡಿಗಳ ನಡುವೆ ನಿಲ್ಲಿಸಿದೆ. ಇಂಗ್ಲಿಷ್ ಪತ್ರಿಕೆಯ ಜಾಹೀರಾತಿನಲ್ಲಿ ಕಾರಣ ಬರೆಯಲಿಲ್ಲ, ಯಾರ್ಡಿನ ಫೋನು ಮಾತ್ರ ಹಾಕಿಸಿದೆ. ಕೆಲವು ದಿನಗಳಲ್ಲೇ ಒಬ್ಬರು ಗಿರಾಕಿ ಸಿಕ್ಕಿದರು. ಸುಡಾನಿನವರು, ಅಲ್ ರಯ್ಯಾನಿನ ಒಂದು ಶಾಲೆಯಲ್ಲಿ ಮೇಷ್ಟ್ರು, ಎತ್ತರದ ಸಭ್ಯ ಮನುಷ್ಯ. ಕಾರನ್ನು ಓಡಿಸಿ ನೋಡಿ, ಹೆಂಡತಿಯನ್ನು ಕರೆತಂದು ತೋರಿಸಿ, ನಾನು ಹೇಳಿದ ಬೆಲೆಗೆ ಹೆಚ್ಚು ಕಡಿಮೆ ಒಪ್ಪಿದರು. ಶನಿವಾರ ಬಂದು ಮುಗಿಸುತ್ತೇನೆ ಎಂದು ಕೈಕುಲುಕಿ ಹೋದರು. ಮಷೀನ್ ಬಂತು ಎಂದೇ ನಾನು ಲೆಕ್ಕ ಹಾಕಿದೆ.

ನಡುವೆ ಒಂದು ಶುಕ್ರವಾರ ಇತ್ತು. ಅದೇ ಕುತ್ತಾದದ್ದು.

ನಮ್ಮ ಊರವರ ಒಂದು ಸಂಘವಿತ್ತು. ಯಾರಾದರೂ ಕೆಲಸ ಮುಗಿಸಿ ಊರಿಗೆ ಹೊರಟರೆ ಶುಕ್ರವಾರ ಸಂಜೆ ಸೇರಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಡುತ್ತಿದ್ದರು. ಚೌಕಟ್ಟು ಹಾಕಿದ ಮಾನಪತ್ರ ಓದಿ ಒಪ್ಪಿಸುತ್ತಿದ್ದರು. ಆ ಮಾನಪತ್ರಗಳನ್ನೆಲ್ಲ ಬರೆದವರು ಇದೇ ಹೆಡ್ ಕ್ಲರ್ಕರು. ಮುತ್ತಿನಂಥ ಅಕ್ಷರ. ಯಾರನ್ನೂ ಅವರು 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಮಾಡದೆ ಬಿಟ್ಟವರಲ್ಲ. ಈಗ ಅವರ ಸರದಿ ಬಂದಿತ್ತು.

ವಿಷಯ ಕಿವಿಗೆ ಬಿದ್ದ ಕೂಡಲೇ ಅಲ್ ರಯ್ಯಾನಿನಲ್ಲಿದ್ದ ಅವರ ಮನೆಗೆ ಓಡಿದೆ. ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಅವರ ಹೆಂಡತಿ, ನಾನು ಬಾಯಮ್ಮ ಎಂದು ಕರೆಯುತ್ತಿದ್ದವರು, ಚಹಾ ತಂದಿಟ್ಟು ನನಗಿಂತ ಮೊದಲೇ ಶುರು ಮಾಡಿದರು.

"ನೀವಾದ್ರೂ ಹೇಳಿ. ಈ ಸನ್ಮಾನ ಒಂದು ಬೇಡ ಅಂತ ನಾನು ಹೇಳಿ ಹೇಳಿ ಸಾಕಾಯ್ತು."

"ಬಾಯಮ್ಮ ಹೇಳುವುದು ಸರಿ," ಎಂದೆ. "ಶನಿವಾರ ಗಾಡಿ ಮಾರಿ ಆಗ್ತದೆ. ಸನ್ಮಾನ ಆಮೇಲೆ ಮಾಡಿ ಅಂತ ಅಧ್ಯಕ್ಷರಿಗೆ ಹೇಳುವಾ."

"ಆಮೇಲೆ ಶುಕ್ರವಾರ ಎಲ್ಲುಂಟು? ಗುರುವಾರ ನನ್ನ ವಿಮಾನ," ಎಂದರು ಹೆಡ್ ಕ್ಲರ್ಕರು. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಬ್ಯಾರಿಗಳೇ, ಎಷ್ಟು ಜನರ ಮಾನಪತ್ರ ಬರೆದದ್ದು ನಾನು? ಕಂಪನಿಯವರು ಒಂದು ಕಾಗದ ಕೈಗೆ ಕೊಟ್ಟು ಕಳಿಸಿದ್ರು, ಬಾಯಲ್ಲಿ ಒಂದು ಥ್ಯಾಂಕ್ಸ್ ಇಲ್ಲ. ಒಂದು ಸಲ ನನ್ನ ಹೆಸರನ್ನೂ ಯಾರಾದ್ರೂ ಬರೀಲಿ ಮಾರಾಯ್ರೇ."

ಬಾಯಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ಸನ್ಮಾನ ಆಗಲಿ, ಆದರೆ ಹೊರಡುವ ದಿನವನ್ನು ಯಾರೂ ಬಾಯಿ ಬಿಡಬಾರದು ಎಂದು ತೀರ್ಮಾನವಾಯಿತು. ಸಂಘದ ಅಧ್ಯಕ್ಷರಿಗೂ ನಾನೇ ಫೋನು ಮಾಡಿ ಹೇಳಿದೆ. ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರಾಗಿದ್ದ ಅವರು, "ಅಷ್ಟು ಗೊತ್ತಾಗುದಿಲ್ವಾ ನಮಗೆ," ಎಂದು ನಕ್ಕರು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಅಧ್ಯಕ್ಷರು ಶಾಲು ಹೊದೆಸಿದರು, ಮಾತು ಕೊಟ್ಟಂತೆ ದಿನದ ಸುದ್ದಿ ಎತ್ತಲಿಲ್ಲ. ಮಾನಪತ್ರವನ್ನು ಯಾರೋ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ್ದರು, ಅದರಲ್ಲಿ ತಪ್ಪುಗಳಿದ್ದವು. ಹೆಡ್ ಕ್ಲರ್ಕರು ಅದನ್ನೂ ಎದೆಗೆ ಒತ್ತಿಕೊಂಡರು. ಆಮೇಲೆ ಉತ್ತರ ಹೇಳಲು ಮೈಕಿನ ಮುಂದೆ ನಿಂತರು. ಕಣ್ಣಲ್ಲಿ ನೀರು. ನಿಮ್ಮಂಥವರನ್ನು ಬಿಟ್ಟು ಹೇಗೆ ಹೋಗಲಿ ಎಂದರು. ನಮ್ಮವರಲ್ಲಿ ಯಾರೇ ಹೊರಟರೂ ಊರವರೆಲ್ಲ ವಿಮಾನ ನಿಲ್ದಾಣಕ್ಕೆ ಹೋಗಿ ಕಳಿಸಿ ಬರುವುದು ವಾಡಿಕೆ. ಕರೆಯದೆ ಹೋದರೆ ಮುನಿಸಿಕೊಳ್ಳುವವರೂ ಇದ್ದರು. ಸನ್ಮಾನದ ಸಂತೋಷದಲ್ಲಿ ಅವರ ಬಾಯಿಂದ ಅದೇ ಕರೆ ಹೊರಬಿತ್ತು.

"ಬರುವ ಗುರುವಾರ ರಾತ್ರಿ ನನ್ನ ವಿಮಾನ. ನೀವೆಲ್ಲ ಏರ್‌ಪೋರ್ಟಿಗೆ ಬರಬೇಕು. ನಿಮ್ಮ ಮುಖ ನೋಡಿಯೇ ನಾನು ಹೋಗುವುದು."

ಚಪ್ಪಾಳೆ ಬಿತ್ತು. ಮಹಿಳೆಯರ ಸಾಲಿನಲ್ಲಿದ್ದ ಬಾಯಮ್ಮ ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ.

ಶನಿವಾರ ಸುಡಾನಿ ಮೇಷ್ಟ್ರು ಬಂದರು, ಆದರೆ ಕೈಯಲ್ಲಿ ಇಸ್ತಿಮಾರಾ ಬದಲಾಯಿಸುವ ಕಾಗದ ಇರಲಿಲ್ಲ. ಇಸ್ತಿಮಾರಾ ಅಂದರೆ ಗಾಡಿಯ ನೋಂದಣಿ ಕಾರ್ಡು, ಅದರಲ್ಲಿ ಹೆಸರು ಬದಲಾದರೆ ಮಾರಾಟ ಮುಗಿದಂತೆ. ಅವರ ಶಾಲೆಯಲ್ಲಿ ನಮ್ಮ ಊರಿನ ಒಬ್ಬ ಟೀಚರ್ ಇದ್ದರು, ಶುಕ್ರವಾರ ಸಭೆಯಲ್ಲಿದ್ದವರು. ಮೇಷ್ಟ್ರು ಕೊಳ್ಳಲಿರುವ ಕಾರು ಯಾರದೆಂದು ತಿಳಿದು, ಸಹೋದ್ಯೋಗಿಗೆ ಉಪಕಾರವಾಗಲಿ ಎಂದು ಸುದ್ದಿ ಮುಟ್ಟಿಸಿದ್ದರು.

"ಯಾ ಸದೀಕ್, ಗೆಳೆಯಾ," ಎಂದರು ಮೇಷ್ಟ್ರು ನಾಚಿಕೆಯಿಂದಲೇ, "ನಿನ್ನ ಸ್ನೇಹಿತ ಗುರುವಾರ ಹೋಗುತ್ತಾನಂತೆ. ನಾನು ಸ್ವಲ್ಪ ಕಾಯುತ್ತೇನೆ. ನನ್ನ ಜಾಗದಲ್ಲಿ ನೀನಿದ್ದರೂ ಕಾಯುತ್ತಿದ್ದೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಶಾಲು ಹೊದೆಸಿದವರಲ್ಲವಲ್ಲ.

ಆಮೇಲಿನ ಎರಡು ಮೂರು ದಿನ ನಾನು ತಿರುಗಿದ ತಿರುಗಾಟ ಹೇಳಿ ಪ್ರಯೋಜನವಿಲ್ಲ. ಮೊದಲು ಅರ್ಬಾಬನ ಹತ್ತಿರ ಹೋದೆ. ಗಾಡಿ ಚಿನ್ನದಂಥದ್ದು, ನಾವೇ ಕೊಂಡರೆ ತಿಂಗಳೊಳಗೆ ಲಾಭ ಎಂದೆ. ಅವನು ಜಪಸರ ತಿರುಗಿಸುತ್ತಾ ಕೇಳಿದ, "ಹಾದಾ ನಫರ್ ಕಬ್ ಸಫರ್ ಕರೇಗಾ?" ಆ ಮನುಷ್ಯ ಯಾವಾಗ ಹೋಗುತ್ತಾನೆ ಎಂಬ ಒಂದೇ ಪ್ರಶ್ನೆ. ಗುರುವಾರ ಎಂದೆ. "ಸಬರ್," ಎಂದ. ತಾಳ್ಮೆಯಿರಲಿ, ಕೊನೆಯ ದಿನ ತಾನಾಗಿ ಬರುತ್ತಾನೆ ಎಂದು ಅರ್ಥ. ಹಾಗಾದರೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡು, ಅವರು ಹೋದ ಮೇಲೆ ನಿಧಾನವಾಗಿ ಮಾರಿ ದುಡ್ಡು ಕಳಿಸುತ್ತೇನೆ ಎಂದು ಯೋಚಿಸಿದೆ. ನನ್ನ ಹೆಸರಿಗೆ ಗಾಡಿಯಾಗಲು ಅರ್ಬಾಬನ ಒಪ್ಪಿಗೆ ಪತ್ರ ಬೇಕಿತ್ತು. "ಮಾಫಿ," ಆಗುವುದಿಲ್ಲ ಎಂದುಬಿಟ್ಟ. ಯಾರ್ಡಿನ ಕೆಲಸದವನು ಸ್ವಂತ ಹೆಸರಿನಲ್ಲಿ ಗಾಡಿ ಮಾರಲು ಹೊರಟರೆ ಅವನಿಗೇನು ಉಳಿಯುತ್ತದೆ? ಅವನ ದೃಷ್ಟಿಯಲ್ಲಿ ಅದೂ ಸರಿಯೇ. ಆ ವಾರ ನನಗೆ ಎದುರಾದವರೆಲ್ಲರೂ ಅವರವರ ಮಟ್ಟಿಗೆ ಸರಿಯಾಗಿಯೇ ಇದ್ದರು.

ಮಂಗಳವಾರ ಸಂಜೆ ಅಧ್ಯಕ್ಷರು ಯಾರ್ಡಿಗೆ ಬಂದರು. ಹೆಡ್ ಕ್ಲರ್ಕರೂ ಅಲ್ಲೇ ಇದ್ದರು. ಅಧ್ಯಕ್ಷರು ಕಾರಿನ ಸುತ್ತ ಒಂದು ಸುತ್ತು ಬಂದು, ಟಯರಿಗೆ ಕಾಲಿನಿಂದ ಒದ್ದು ನೋಡಿದರು. ಟಯರಿಗೆ ಒದೆಯುವವರಿಗೆ ಗಾಡಿಯ ಬಗ್ಗೆ ಏನೂ ಗೊತ್ತಿರುವುದಿಲ್ಲ.

"ನೋಡಿ, ನಮ್ಮವರು ಕಷ್ಟದಲ್ಲಿರುವಾಗ ಸುಮ್ಮನೆ ಕೂರ್ಲಿಕ್ಕೆ ಆಗುದಿಲ್ಲ ನನಗೆ," ಎಂದರು. "ನನಗೆ ಗಾಡಿ ಬೇಕಂತ ಇಲ್ಲ. ಆದ್ರೂ ನಾನೇ ತಗೊಳ್ತೇನೆ. ನಿಮಗೆ ತಲೆಬಿಸಿ ಬೇಡ."

ಹೇಳಿದ್ದು ಅರ್ಧ ಬೆಲೆ. ಮೇಷ್ಟ್ರು ಒಪ್ಪಿದ್ದರ ಸರಿಯಾಗಿ ಅರ್ಧ.

ನಾನು ಹೆಡ್ ಕ್ಲರ್ಕರನ್ನು ಬದಿಗೆ ಕರೆದೆ. "ಬೇಡ. ನಾಳೆ ಸಂಜೆ ತನಕ ತಡೆಯಿರಿ. ಆ ಮೇಷ್ಟ್ರು ಬರ್ತಾರೆ, ನನಗೆ ಗಿರಾಕಿಯ ಮುಖ ಗೊತ್ತಾಗ್ತದೆ. ಅವರ ಹೆಂಡತಿಗೆ ಗಾಡಿ ಮನಸ್ಸಿಗೆ ಹಿಡಿದುಂಟು. ಸ್ವಲ್ಪ ಇಳಿಸಿ ಕೇಳಿಯಾರು, ಇಷ್ಟು ಕೇಳ್ಲಿಕ್ಕಿಲ್ಲ."

"ಬರದಿದ್ರೆ?"

"ಬರ್ತಾರೆ."

ಅವರು ಕಾರನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, "ಬ್ಯಾರಿಗಳೇ, ಶಾಲು ಹೊದೆಸಿದ ಮನುಷ್ಯ. ಎದುರು ನಿಂತು ಕೇಳುವಾಗ ಇಲ್ಲ ಅಂತ ಹೇಗೆ ಹೇಳುವುದು? ಯಾರೋ ಗುರುತಿಲ್ಲದವರ ಹತ್ರ ಚೌಕಾಶಿ ಮಾಡುವ ಬದಲು ನಮ್ಮವರ ಕೈಗೇ ಹೋಗ್ಲಿ. ನೋಡಿಕೊಳ್ತಾರೆ."

"ಮಷೀನ್?"

"ಎಂತಾದರೂ ಮಾಡುವಾ."

ಅದು ಅವರ ಗಾಡಿ, ಅವರ ಮಾತು. ಬುಧವಾರ ಬೆಳಿಗ್ಗೆ ಟ್ರಾಫಿಕ್ ಇಲಾಖೆಯ ಸಾಲಿನಲ್ಲಿ ನಿಂತು ತಪಾಸಣೆ, ವಿಮೆ, ಸಹಿ ಎಲ್ಲ ಮುಗಿಸಿ ಇಸ್ತಿಮಾರಾ ಅಧ್ಯಕ್ಷರ ಹೆಸರಿಗಾಯಿತು. ಡ್ಯಾಶ್‌ಬೋರ್ಡಿನ ಟವೆಲನ್ನು ಹೆಡ್ ಕ್ಲರ್ಕರು ಮಡಚಿ ಹೊಸ ಮಾಲೀಕನ ಕೈಗೆ ಕೊಟ್ಟರು. ಬಿಸಿಲಿಗೆ ನಿಲ್ಲಿಸುವಾಗ ಮರೆಯದೆ ಹಾಸಿ ಎಂದರು.

ಅದೇ ಸಂಜೆ ಸುಡಾನಿ ಮೇಷ್ಟ್ರು ಯಾರ್ಡಿಗೆ ಬಂದರು. ಮುಂಚೆ ಒಪ್ಪಿದ್ದಕ್ಕಿಂತ ಸ್ವಲ್ಪವೇ ಕಡಿಮೆ ಹೇಳಿದರು. ಮುಂದಿನ ಸಾಲಿನ ಖಾಲಿ ಜಾಗ ನೋಡಿ ಅವರ ಮುಖವೂ ಸಣ್ಣದಾಯಿತು. ಈ ವಿಷಯವನ್ನು ಹೆಡ್ ಕ್ಲರ್ಕರಿಗೆ ಹೇಳಿ ಹೊಟ್ಟೆ ಉರಿಸುವ ಧೈರ್ಯ ನನಗೆ ಬರಲಿಲ್ಲ.

ಗುರುವಾರ ಅವರನ್ನು ಏರ್‌ಪೋರ್ಟಿಗೆ ಬಿಟ್ಟವರು ಅಧ್ಯಕ್ಷರೇ, ಅದೇ ಕಾರಿನಲ್ಲಿ. ಮುಂದಿನ ಸೀಟಿನಲ್ಲಿ ಅಧ್ಯಕ್ಷರ ಹೆಂಡತಿ ಕೂತಿದ್ದರಿಂದ ಹೆಡ್ ಕ್ಲರ್ಕರು ಬಾಯಮ್ಮನ ಜೊತೆ ಹಿಂದೆ ಕೂತು ಬಂದರು. ಇಳಿದವರೇ ನನ್ನ ಕೈ ಹಿಡಿದು, "ನೋಡಿ, ಗಾಡಿ ಕೊಟ್ಟ ಮೇಲೂ ಮನೆ ಬಾಗಿಲಿಗೆ ಬಂದು ಕರಕೊಂಡು ಬಂದ್ರು," ಎಂದರು. ಬಾಯಮ್ಮ ಟ್ರಾಲಿ ಹುಡುಕಲು ಹೋದರು. ಕಳಿಸಲು ಬಂದ ಊರವರು ನಮ್ಮನ್ನೂ ಸೇರಿಸಿ ಒಂದು ಕಾರಿಗೆ ಆಗುವಷ್ಟು ಜನ.

ವಾರ ಕೆಲವು ಕಳೆದಿರಬೇಕು. ಅಧ್ಯಕ್ಷರು ಆ ಕಾರನ್ನು ನಮ್ಮ ಯಾರ್ಡಿಗೇ ತಂದರು. ಮನೆಯಲ್ಲಿ ಎರಡು ಗಾಡಿ ನಿಲ್ಲಿಸಲು ಜಾಗವಿಲ್ಲವಂತೆ. ಅರ್ಬಾಬ್ ನೆರಳಿನಿಂದಲೇ ನನಗೆ ಕೈಸನ್ನೆ ಮಾಡಿದ, "ಯಲ್ಲಾ, ಶೂಫ್." ನೋಡು ಎಂದು.

ಅಯಸ್ಕಾಂತ ಹಿಡಿದು ಕಾರಿನ ಸುತ್ತ ನಡೆದೆ. ಹುಳುಕೊಂದು ಹುಟ್ಟಿಸುವುದು ನನಗೆ ಕಷ್ಟವೇ? ಹಿಂದಿನ ಬಾಗಿಲಿಗೆ ಬಣ್ಣ ಬಿದ್ದಿದೆ ಎನ್ನಬಹುದಿತ್ತು, ಗೇರು ಬೀಳುವಾಗ ಏಟು ಹೊಡೆಯುತ್ತದೆ ಎನ್ನಬಹುದಿತ್ತು. ಅರ್ಬಾಬ್ ನನ್ನ ಮಾತು ನಂಬಿ ಬೆಲೆ ಇಳಿಸುತ್ತಿದ್ದ, ಅಧ್ಯಕ್ಷರು ಕೈ ಸುಟ್ಟುಕೊಳ್ಳುತ್ತಿದ್ದರು. ನನ್ನ ಬಾಯಿ ತುದಿಗೆ ಸುಳ್ಳು ಬಂದಿತ್ತು. ಆದರೆ ರಬ್ಬರು ಎಳೆದು ನೋಡಿದೆ, ಬೋಲ್ಟು ನೋಡಿದೆ, ಮುಳ್ಳು ನೋಡಿದೆ. ಒಬ್ಬ ಮನುಷ್ಯ ಅಷ್ಟು ವರ್ಷ ಮಗಳನ್ನು ಗದರಿಸಿ ಕಾಪಾಡಿದ ಗಾಡಿ. ಅದಕ್ಕೆ ರೋಗವಿದೆ ಎಂದು ನಾನೇ ಹೇಳಿದರೆ ಅವರಿಗೆ ಇನ್ನೊಂದು ಸಲ ಮೋಸವಾಗುತ್ತದೆ ಎನಿಸಿತು. ಡ್ಯಾಶ್‌ಬೋರ್ಡಿನ ಮೇಲೆ ಟವೆಲ್ ಇರಲಿಲ್ಲ, ಆದರೂ ಇನ್ನೂ ಒಡೆದಿರಲಿಲ್ಲ.

"ಏನೂ ದೋಷವಿಲ್ಲ," ಎಂದೆ. ಅರ್ಬಾಬ್ ತಲೆಯಾಡಿಸಿದ. ಅಧ್ಯಕ್ಷರು ಎಲ್ಲಿಗೂ ಹೊರಟವರಲ್ಲ, ಅವಸರವಿಲ್ಲದವರು, ಚಹಾ ಕುಡಿಯುತ್ತಾ ಚೌಕಾಶಿ ಮಾಡಿದರು. ಕಾರಿಗೆ ತಕ್ಕ ಬೆಲೆ ಸಿಕ್ಕಿತು. ಹೋಗುವಾಗ ನನ್ನ ಭುಜ ತಟ್ಟಿ, "ನಮ್ಮವರು ಒಬ್ರು ಇಲ್ಲಿದ್ರೆ ಎಷ್ಟು ಉಪಕಾರ ನೋಡಿ," ಎಂದರು. ಆ ಕೈಯನ್ನು ಕೊಡವಿ ಹಾಕಬೇಕಿತ್ತು. ಸುಡಾನಿ ಮೇಷ್ಟ್ರಿಗೆ ಫೋನು ಮಾಡಿದೆ. ಮರುದಿನವೇ ಬಂದು, ನಮ್ಮ ಲಾಭವನ್ನೂ ಸೇರಿಸಿ ಕೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಒಯ್ದರು.

ಅದಾಗಿ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಯಾರ್ಡಿನ ಫೋನು ಹೊಡೆದುಕೊಂಡಿತು. ಊರಿನ ಎಸ್‌ಟಿಡಿ ಬೂತಿನಿಂದ ಹೆಡ್ ಕ್ಲರ್ಕರು. ದನಿಯಲ್ಲಿ ಅದೇ ಉತ್ಸಾಹ ತಂದುಕೊಂಡು ಎಲ್ಲರ ಕ್ಷೇಮ ಕೇಳಿದರು. ಅಂಗಡಿ ಹೇಗಿದೆ ಎಂದು ನಾನು ಕೇಳಿದೆ.

"ಕೋಣೆ ಬೇರೆಯವರಿಗೆ ಹೋಯ್ತು ಮಾರಾಯ್ರೇ. ಇಲ್ಲೊಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೀತೇನೆ. ಧಣಿ ಸಣ್ಣ ಪ್ರಾಯದವರು, ಸ್ವಲ್ಪ ಬಾಯಿ ಜೋರು. ಅಡ್ಡಿಲ್ಲ." ಆಮೇಲೆ ಕೇಳಿದರು, "ಗಾಡಿ ನೋಡ್ಲಿಕ್ಕೆ ಸಿಗ್ತದಾ? ಅಧ್ಯಕ್ಷರು ಚೆನ್ನಾಗಿ ಇಟ್ಟುಕೊಂಡಿದ್ದಾರಾ?"

ರಸ್ತೆಯ ಆಚೆ ಕಾರುಗಳು ಸಿಗ್ನಲ್ಲಿಗೆ ಸಾಲುಗಟ್ಟಿ ನಿಂತಿದ್ದವು, ಅರ್ಧಕ್ಕರ್ಧ ಬಿಳಿಯವು. ನಿಜ ಹೇಳೋಣ ಎಂದು ಬಾಯಿ ತೆರೆದೆ.

"ಚೆನ್ನಾಗುಂಟು ಪೊರ್ಬುಗಳೇ," ಎಂದೆ.

"ಅಷ್ಟು ಸಾಕು," ಎಂದರು. "ಕಡಿಮೆಗೆ ಹೋದ್ರೂ ಬೇಜಾರಿಲ್ಲ ನನಗೆ. ನಮ್ಮವರ ಕೈಯಲ್ಲೇ ಉಂಟಲ್ಲ."